ಎಪ್ಪತ್ತೇಳು ದಿನ

ಭೀಮ ಕುಂಟತೊಡಗಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಶಿಕಾಗೋದ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಎಲ್ಲೋ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದಾನೆ ಎಂದುಕೊಂಡು ಎರಡು ವಾರ ಸುಮ್ಮನಿದ್ದೆವು. ರೊಟ್‌ವೈಲರ್ ತಳಿ, ಎಂಟು ವರ್ಷ, ಐವತ್ತು ಕಿಲೋ ತೂಕ. ಎಕ್ಸ್‌ರೇ ನೋಡಿದ ವೈದ್ಯೆ ಮೂಳೆಯ ಕ್ಯಾನ್ಸರ್, ಆಸ್ಟಿಯೋಸಾರ್ಕೋಮಾ ಎಂದರು. ಮುಂಗಾಲು ತೆಗೆದರು. ಗಾಯ ಮಾಯುವ ಹೊತ್ತಿಗೆ ಅವರು ನನ್ನ ಮುಂದೆ ಒಂದು ಒಪ್ಪಿಗೆ ಪತ್ರ ಇಟ್ಟರು. ಸಾಕುನಾಯಿಗಳ ಮೇಲೆ ಹೊಸ ಔಷಧವೊಂದರ ಪರೀಕ್ಷೆ ನಡೆಯುತ್ತಿದೆ, ಸೇರಿಸುತ್ತೀರಾ ಎಂದು ಕೇಳಿದರು. ಅರ್ಧದಷ್ಟು ನಾಯಿಗಳಿಗೆ ಮಾಮೂಲಿ ಕೀಮೋಥೆರಪಿಯ ಜೊತೆಗೆ ಹೊಸ ಔಷಧ, ಉಳಿದರ್ಧಕ್ಕೆ ಮಾಮೂಲಿಯದಷ್ಟೇ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ಸಹಿ ಮಾಡುವವನು ನಾನು, ಚುಚ್ಚಿಸಿಕೊಳ್ಳುವವನು ಅವನು.

ತಿಪಟೂರಿಗೆ ಫೋನ್ ಮಾಡಿದಾಗ ಅಮ್ಮ, "ನಾಯಿಗೂ ಕೀಮೋ ಕೊಡ್ತಾರೇನೋ?" ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ದೊಡ್ಡಪ್ಪನಿಗೇ ಕೊಡಿಸೋಕೆ ಆಗಲಿಲ್ಲ ನಮಗೆ" ಎಂದರು. ಅದಕ್ಕೆ ಹೇಳುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಕಾಗದವನ್ನು ಮನೆಗೆ ತಂದು, ಇಂಥ ಪತ್ರಗಳಿಗೆ ನನಗಿಂತ ಮೊದಲು ಸಹಿ ಹಾಕಿದವರ ಕಥೆಯೇನು ಎಂದು ಹುಡುಕುತ್ತ ಕುಳಿತೆ. ಓದುತ್ತ ಹೋದಂತೆ 77 ಎಂಬ ಒಂದು ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತು.

ಅದಕ್ಕೆ ಬರುವ ಮುನ್ನ ನೂರು ವರ್ಷ ಹಿಂದಕ್ಕೆ ಹೋಗಬೇಕು. 1891ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಕೈಮೂಳೆಯ ಸಾರ್ಕೋಮಾದಿಂದ ಸತ್ತಳು. ಅವಳ ಕೈಯನ್ನು ಕತ್ತರಿಸಿದ್ದ ವಿಲಿಯಂ ಕೋಲಿ ಎಂಬ ಯುವ ಶಸ್ತ್ರವೈದ್ಯನಿಗೆ ಅದನ್ನು ಮರೆಯಲು ಆಗಲಿಲ್ಲ. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತಿರುವಿಹಾಕಿದಾಗ, ಚರ್ಮಕ್ಕೆ ತೀವ್ರ ಸೋಂಕು ತಗುಲಿದ ರೋಗಿಯೊಬ್ಬನ ಗೆಡ್ಡೆ ತಾನೇ ಕರಗಿಹೋದ ಪ್ರಕರಣ ಕಣ್ಣಿಗೆ ಬಿತ್ತು. ಸೋಂಕೇ ಔಷಧವಾದರೆ? ಕೋಲಿ ರೋಗಿಗಳಿಗೆ ಬ್ಯಾಕ್ಟೀರಿಯಾಗಳನ್ನು, ಮುಂದೆ ಸತ್ತ ಬ್ಯಾಕ್ಟೀರಿಯಾಗಳ ದ್ರಾವಣವನ್ನು ಚುಚ್ಚತೊಡಗಿದ. ಕೆಲವರಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ. ವಿಕಿರಣ ಚಿಕಿತ್ಸೆ ಬಂದ ಮೇಲೆ ಅವನ ವಿಧಾನ ಮೂಲೆಗೆ ಸೇರಿತು.

ಆ ಯೋಚನೆ ಮತ್ತೆ ಎದ್ದದ್ದು 1980ರ ದಶಕದಲ್ಲಿ. ಐಸಾಯ ಫಿಡ್ಲರ್ ಮತ್ತು ಅವರ ಸಂಗಡಿಗರು ಇಡೀ ಬ್ಯಾಕ್ಟೀರಿಯಾವನ್ನು ಬಿಟ್ಟು, ಅದರ ಕೋಶಗೋಡೆಯ ಒಂದು ಚೂರನ್ನು ಹೋಲುವ ಕೃತಕ ವಸ್ತುವನ್ನು ಹಿಡಿದರು. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಗಳೊಳಗೆ, ಅಂದರೆ ಲೈಪೋಸೋಮ್‌ಗಳಲ್ಲಿ, ತುಂಬಿ ರಕ್ತಕ್ಕೆ ಬಿಟ್ಟರು. ಹೊರಗಿನದನ್ನು ಕಬಳಿಸುವ ಮ್ಯಾಕ್ರೋಫೇಜ್ ಕೋಶಗಳು ಗುಳ್ಳೆಗಳನ್ನು ನುಂಗುತ್ತವೆ. ಮೈಗೆ ಬ್ಯಾಕ್ಟೀರಿಯಾ ನುಗ್ಗಿದೆ ಎಂದು ಭ್ರಮಿಸಿ ಕೆರಳುತ್ತವೆ. ಕೆರಳಿದ ಕೋಶಗಳು ಶ್ವಾಸಕೋಶದಲ್ಲಿ ಅಡಗಿರುವ ಕ್ಯಾನ್ಸರ್ ಕಣಗಳ ಮೇಲೂ ಬೀಳುತ್ತವೆ. ಇಲಿಗಳಲ್ಲಿ ಇದು ನಡೆಯಿತು. ಆದರೆ ಇಲಿಗೆ ಕ್ಯಾನ್ಸರ್ ಬಂದದ್ದಲ್ಲ, ಪ್ರಯೋಗಾಲಯದಲ್ಲಿ ಕೊಟ್ಟದ್ದು.

ನಾಯಿಗೆ ತಾನಾಗಿ ಬರುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,000 ಮನುಷ್ಯರಿಗೆ ಆಸ್ಟಿಯೋಸಾರ್ಕೋಮಾ ಬಂದರೆ, ಅವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹರೆಯದವರು, ನಾಯಿಗಳಲ್ಲಿ 10,000ಕ್ಕೂ ಹೆಚ್ಚು. ದೊಡ್ಡ ತಳಿಗಳಿಗೇ ಜಾಸ್ತಿ. ಕಾಲಿನ ಉದ್ದ ಮೂಳೆಗಳಲ್ಲೇ ಹುಟ್ಟುವುದು, ಶ್ವಾಸಕೋಶಕ್ಕೇ ಹರಡುವುದು, ಸೂಕ್ಷ್ಮದರ್ಶಕದ ಕೆಳಗಿನ ನೋಟ ಎಲ್ಲವೂ ಮಕ್ಕಳದ್ದರ ಹಾಗೆಯೇ. ಹರಡುವ ವೇಗ ಮಾತ್ರ ಹೆಚ್ಚು. ಮಕ್ಕಳಲ್ಲಿ ಉತ್ತರ ಸಿಗಲು ಹತ್ತು ವರ್ಷ ಬೇಕಾದ ಪ್ರಶ್ನೆಗೆ ನಾಯಿಗಳಲ್ಲಿ ಎರಡು ಮೂರು ವರ್ಷ ಸಾಕು. ವಿಜ್ಞಾನಿಗಳು ಇದನ್ನು ಅನುಕೂಲ ಎನ್ನುತ್ತಾರೆ. ನಾಯಿ ಸಾಕಿದವನಿಗೆ ಆ ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಶುವೈದ್ಯ ಗ್ರೆಗರಿ ಮ್ಯಾಕ್‌ಯೂಯೆನ್ ಮತ್ತು ಅವರ ತಂಡ, ಕ್ಯಾನ್ಸರ್‌ಗಾಗಿ ಕಾಲು ಕಳೆದುಕೊಂಡ ಸಾಕುನಾಯಿಗಳನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಔಷಧ ತುಂಬಿದ ಗುಳ್ಳೆ, ಇನ್ನೊಂದಕ್ಕೆ ಖಾಲಿ ಗುಳ್ಳೆ. ಎರಡೂ ಗುಂಪು ಸೇರಿ ನಾಯಿಗಳ ಸಂಖ್ಯೆ ಮೂವತ್ತಕ್ಕಿಂತ ಕಡಿಮೆ. ಫಲಿತಾಂಶ 1989ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಬದುಕಿದ ದಿನಗಳ ಲೆಕ್ಕದಲ್ಲಿ ನಾಯಿಗಳನ್ನು ಸಾಲಾಗಿ ನಿಲ್ಲಿಸಿದರೆ, ಔಷಧ ಪಡೆದವುಗಳಲ್ಲಿ ಸಾಲಿನ ನಡುವಿನ ನಾಯಿ ಬದುಕಿದ್ದು 222 ದಿನ. ಖಾಲಿ ಗುಳ್ಳೆಯ ಗುಂಪಿನಲ್ಲಿ 77.

ಎಪ್ಪತ್ತೇಳು ದಿನ ಎಂದರೆ ಎರಡೂವರೆ ತಿಂಗಳು. ಆ ಗುಂಪಿನ ನಾಯಿಗಳ ಹೆಸರು ವೈದ್ಯಕೀಯ ಪತ್ರಿಕೆಗಳಲ್ಲಿ ಇರುವುದಿಲ್ಲ. ಅವುಗಳ ಮನೆಯವರು ಕಾರಿನಲ್ಲಿ ಕೂರಿಸಿಕೊಂಡು ಬಂದಿರುತ್ತಾರೆ, ಚುಚ್ಚಿಸಿ, ಬೆನ್ನು ತಟ್ಟಿ, ವಾಪಸು ಕರೆದುಕೊಂಡು ಹೋಗಿರುತ್ತಾರೆ. ಚುಚ್ಚಿದ್ದರಲ್ಲಿ ಏನೂ ಇಲ್ಲ. ಇದು ಮೋಸವಲ್ಲ, ಒಪ್ಪಿಯೇ ಬಂದವರು. ಆದರೂ ಓದಿದ ರಾತ್ರಿ ನನಗೆ ಸಿಟ್ಟು ಬಂತು.

ಸಿಟ್ಟು ಇಳಿದದ್ದು ಇನ್ನೊಂದು ಪ್ರಯೋಗದ ಬಗ್ಗೆ ಓದಿದ ಮೇಲೆ, ಅದು ಮಕ್ಕಳದ್ದು. 1970ರ ದಶಕಕ್ಕೆ ಮುಂಚೆ ಈ ರೋಗ ಬಂದ ಮಕ್ಕಳ ಕೈಕಾಲು ಕತ್ತರಿಸಿದರೂ ಬಹುಪಾಲು ಮಕ್ಕಳು ಉಳಿಯುತ್ತಿರಲಿಲ್ಲ. ಕೀಮೋಥೆರಪಿ ಬಂದ ಮೇಲೂ ಅದರಿಂದಲೇ ಉಳಿಯುತ್ತಾರೆಯೇ ಎಂದು ವೈದ್ಯರಲ್ಲೇ ವಾದವಿತ್ತು. ವಾದ ಬಗೆಹರಿಸಲು ಒಂದು ಪ್ರಯೋಗ ಮಾಡಿದರು: ಶಸ್ತ್ರಚಿಕಿತ್ಸೆಯ ನಂತರ ಕೆಲವು ಮಕ್ಕಳಿಗೆ ಕೀಮೋ, ಉಳಿದವರಿಗೆ ಬರೀ ನಿಗಾ. 1986ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರು ಕೀಮೋ ಗುಂಪಿನಲ್ಲಿ ನೂರಕ್ಕೆ 66, ಬರೀ ನಿಗಾ ಗುಂಪಿನಲ್ಲಿ ನೂರಕ್ಕೆ 17. ಅಲ್ಲೂ ಯಾರೋ ಅಪ್ಪ, ಯಾರೋ ಅಮ್ಮ ಸಹಿ ಹಾಕಿದ್ದರು. ಇಂದು ಕೀಮೋ ಬೇಕೇ ಬೇಡವೇ ಎಂಬ ಚೀಟಿ ಎತ್ತುವ ಸ್ಥಿತಿ ಯಾವ ಮಗುವಿಗೂ ಇಲ್ಲದಿದ್ದರೆ, ಅದಕ್ಕೆ ಆ ನಿಗಾ ಗುಂಪಿನ ಮಕ್ಕಳೇ ಕಾರಣ.

ಮ್ಯಾಡಿಸನ್‌ನ ನಾಯಿಗಳ ಔಷಧಕ್ಕೆ ಮುಂದೆ ಮಿಫಾಮರ್ಟೈಡ್ ಎಂದು ಹೆಸರಾಯಿತು. ಹ್ಯೂಸ್ಟನ್‌ನ ಮಕ್ಕಳ ವೈದ್ಯೆ ಯೂಜೀನಿ ಕ್ಲೈನರ್‌ಮನ್ ಅದನ್ನು ಮನುಷ್ಯರತ್ತ ತಂದರು. 1993ರಿಂದ 1997ರವರೆಗೆ ಅಮೆರಿಕದ ಆಸ್ಪತ್ರೆಗಳು ನೂರಾರು ಮಕ್ಕಳನ್ನು, ಹರೆಯದವರನ್ನು ಅದರ ದೊಡ್ಡ ಪ್ರಯೋಗಕ್ಕೆ ಸೇರಿಸಿಕೊಂಡವು. ಈ ನಡುವೆ ಮ್ಯಾಡಿಸನ್ ತಂಡ ಇನ್ನೊಂದು ವಿಷಯವನ್ನೂ ನಾಯಿಗಳಲ್ಲಿ ಕಂಡುಕೊಂಡಿತ್ತು. ಕೀಮೋ ಮುಗಿದ ಮೇಲೆ ಕೊಟ್ಟರೆ ಈ ಔಷಧದಿಂದ ಲಾಭವಿದೆ, ಕೀಮೋ ಜೊತೆಜೊತೆಗೇ ಕೊಟ್ಟರೆ ಇಲ್ಲ. ಆ ವರದಿ ಬಂದದ್ದು 1995ರಲ್ಲಿ. ಮಕ್ಕಳ ಪ್ರಯೋಗ ಆಗಲೇ ಅರ್ಧ ದಾರಿ ನಡೆದಿತ್ತು, ಅದರಲ್ಲಿ ಔಷಧ ಕೀಮೋ ಜೊತೆಜೊತೆಗೇ ಹೋಗುತ್ತಿತ್ತು.

ಮಕ್ಕಳ ಫಲಿತಾಂಶ 2008ರಲ್ಲಿ ಪೂರ್ಣವಾಗಿ ಪ್ರಕಟವಾದಾಗ, ಆರು ವರ್ಷ ಬದುಕುಳಿದವರ ಪ್ರಮಾಣ ನೂರಕ್ಕೆ 70ರಿಂದ 78ಕ್ಕೆ ಏರಿತ್ತು. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಕೀಮೋ ಔಷಧವನ್ನೂ ಪರೀಕ್ಷಿಸಿದ್ದರಿಂದ, ಲಾಭ ಯಾವುದರಿಂದ ಬಂತು ಎಂಬ ಗೋಜಲು ಉಳಿದಿತ್ತು. 2007ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 12 ಮತಕ್ಕೆ 2ರಂತೆ ಅದರ ವಿರುದ್ಧ ನಿಂತಿತು, ಅನುಮತಿ ಸಿಗಲಿಲ್ಲ. ಯುರೋಪ್ ಅದೇ ಅಂಕಿಗಳನ್ನು ಬೇರೆ ಬಗೆಯಲ್ಲಿ ಓದಿ 2009ರಲ್ಲಿ ಒಪ್ಪಿತು. ಹೀಗೆ ಅಮೆರಿಕದ ನಾಯಿಗಳು ಮತ್ತು ಮಕ್ಕಳ ಮೇಲೆ ಸಾಬೀತಾದ ಔಷಧ ಜರ್ಮನಿಯ, ಇಂಗ್ಲೆಂಡಿನ ಮಕ್ಕಳಿಗೆ ಸಿಗತೊಡಗಿತು. ನಾಯಿಗಳಿಗಾಗಿ ಅದನ್ನು ಯಾರೂ ಮಾರುಕಟ್ಟೆಗೆ ತರಲಿಲ್ಲ. ಭೀಮನ ವೈದ್ಯೆಯನ್ನು ನಾನು ಮೊದಲು ಕೇಳಿದ್ದೇ ಇದನ್ನು: ಆ 222 ದಿನದ ಔಷಧ ಎಲ್ಲಿ? ಅವರು ನಕ್ಕು ತಲೆಯಾಡಿಸಿದರು, ಖುಷಿಯ ನಗುವಲ್ಲ.

ಕೋಲಿಯ ಸೋಂಕಿನ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ ಸ್ಟೀಫನ್ ವಿತ್ರೋ ಎಂಬ ಪಶುವೈದ್ಯರು 1980ರ ದಶಕದಿಂದಲೇ ನಾಯಿಯ ಕಾಲು ಕತ್ತರಿಸದೆ, ರೋಗದ ಮೂಳೆಯನ್ನಷ್ಟೇ ತೆಗೆದು ಸತ್ತ ನಾಯಿಯ ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಲ್ಲಿ ಕಲಿತದ್ದು ಮಕ್ಕಳ ಕೈಕಾಲು ಉಳಿಸುವುದಕ್ಕೂ ನೆರವಾಯಿತು. ಹೀಗೆ ಕೂಡಿಸಿದ ಮೂಳೆಗೆ ಸೋಂಕು ತಗುಲುವುದು ಸಾಮಾನ್ಯ, ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳಿಗೆ. ಶಸ್ತ್ರವೈದ್ಯರಿಗೆ ಅದೇ ತಲೆನೋವು. ಆದರೆ 2005ರಲ್ಲಿ ಅವರ ತಂಡ ಲೆಕ್ಕ ಹಾಕಿ ನೋಡಿದರೆ, ಸೋಂಕು ತಗುಲಿದ ನಾಯಿಗಳೇ ಹೆಚ್ಚು ಕಾಲ ಬದುಕಿದ್ದವು! ಎರಡು ವರ್ಷದ ನಂತರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಮೂಳೆ ತಜ್ಞರು ತಮ್ಮ ರೋಗಿಗಳ ದಾಖಲೆ ತೆಗೆದು ನೋಡಿದರು. ಮನುಷ್ಯರಲ್ಲೂ ಹಾಗೆಯೇ ಇತ್ತು. 2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನಿಕೋಲಾ ಮೇಸನ್, ಬಲ ಕುಗ್ಗಿಸಿದ ಲಿಸ್ಟೀರಿಯಾ ಬ್ಯಾಕ್ಟೀರಿಯಾವನ್ನೇ ಲಸಿಕೆಯಂತೆ 18 ನಾಯಿಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಮತ್ತು ಕೀಮೋ ಎರಡೂ ಆದ ನಾಯಿಗಳು ಅವು. ಸಾಲಿನ ನಡುವಿನ ನಾಯಿ ಬದುಕಿದ್ದು 956 ದಿನ. ಹೋಲಿಸಿದ್ದು ಹಳೆಯ ದಾಖಲೆಗಳ ಜೊತೆ, ಅಲ್ಲಿ ಚೀಟಿ ಎತ್ತಿರಲಿಲ್ಲ. ಆ ಸಂಖ್ಯೆ ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಈ ವಾಕ್ಯ ಓದಿ ಮತ್ತೆ ಕುಳಿತೆ.

ಚೀಟಿ ಎತ್ತದಿದ್ದರೆ ಏನಾಗುತ್ತದೆ ಎನ್ನುವವರಿಗೆ ಇನ್ನೊಂದು ಉದಾಹರಣೆಯಿದೆ. 2003ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಪಶುವೈದ್ಯ ಚಂದ್ ಖನ್ನಾ ಅವರ ಮುಂದಾಳತ್ವದಲ್ಲಿ ಸಾಕುನಾಯಿಗಳ ಪ್ರಯೋಗಕ್ಕೆಂದೇ ಒಂದು ಕಾರ್ಯಕ್ರಮ ಶುರುವಾಯಿತು. ಪಶುವೈದ್ಯ ಕಾಲೇಜುಗಳು ಒಂದಾಗಿ ಒಂದೇ ಕ್ರಮದಲ್ಲಿ ಪರೀಕ್ಷೆ ನಡೆಸತೊಡಗಿದವು. ಸಿರೋಲಿಮಸ್ ಎಂಬ ಔಷಧ ಈ ಮೂಳೆ ಕ್ಯಾನ್ಸರನ್ನು ತಡೆಯಬಹುದೆಂಬ ನಿರೀಕ್ಷೆ ಇತ್ತು. 324 ನಾಯಿಗಳಲ್ಲಿ, ಚೀಟಿ ಎತ್ತಿಯೇ, ಪರೀಕ್ಷಿಸಿದರು. 2021ರಲ್ಲಿ ವರದಿ ಬಂತು: ಔಷಧ ಸೇರಿಸಿದರೂ ಏನೂ ವ್ಯತ್ಯಾಸವಿಲ್ಲ. ಖಾಲಿ ಗುಳ್ಳೆಯ ಗುಂಪಿಗೆ ಹೋಲಿಸಿದರೆ ಇದು ಇನ್ನೊಂದು ಬಗೆಯ ನಷ್ಟ. ಇಲ್ಲಿ ಔಷಧ ಪಡೆದವುಗಳೂ ಗೆಲ್ಲಲಿಲ್ಲ.

ಒಂದು ವಾರದ ನಂತರ ನಾನು ಕಾಗದಕ್ಕೆ ಸಹಿ ಹಾಕಿ ಕೊಟ್ಟೆ. ಭೀಮನಿಗೆ ಯಾವ ಗುಂಪಾದರೂ ಆಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಚೀಟಿ ಎತ್ತುವ ಹಂತಕ್ಕೆ ನಾವು ಹೋಗಲೇ ಇಲ್ಲ. ಸೇರಿಸಿಕೊಳ್ಳುವ ಮುನ್ನ ಮಾಡಿದ ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಎರಡು ಚುಕ್ಕೆ ಕಂಡವು. ಹರಡಿದ ನಾಯಿಗಳಿಗೆ ಆ ಪ್ರಯೋಗದಲ್ಲಿ ಜಾಗವಿಲ್ಲ.

ವೈದ್ಯೆ ಆಗ ಇನ್ನೊಂದು ಕಾಗದ ತಂದರು, ಒಂದೇ ಪುಟದ್ದು. ತೆಗೆದ ಕಾಲಿನ ಗೆಡ್ಡೆಯ ಒಂದು ತುಂಡನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಇದಕ್ಕೆ ವಾರ ಬೇಕಾಗಲಿಲ್ಲ, ಅಲ್ಲೇ ಸಹಿ ಹಾಕಿದೆ. ಭೀಮ ನನ್ನ ಕಾಲ ಬುಡದಲ್ಲಿ ಮೂರು ಕಾಲಿನ ಮೇಲೆ ನಿಂತು, ಬಾಗಿಲು ಯಾವಾಗ ತೆರೆಯುತ್ತಾರೆ ಎಂದು ನೋಡುತ್ತಿದ್ದ. ಅವನು ಇನ್ನೂ ನಾಲ್ಕು ತಿಂಗಳು ಇದ್ದ.