ಚಳಿಗಾಲದಲ್ಲಿ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಕಾರ್ಬೊರೇಟರ್ ಹೊಂದಾಣಿಕೆ: ರೈತರ ಮಾಹಿತಿಗಾಗಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಹಿಂಗಾರು ಹಂಗಾಮಿನ ಕಡಲೆ, ಬಿಳಿಜೋಳ ಹಾಗೂ ಗೋಧಿ ಬೆಳೆಗಳಿಗೆ ಪವರ್ ಸ್ಪ್ರೇಯರ್, ಪವರ್ ವೀಡರ್, ಕಳೆ ಕತ್ತರಿಸುವ ಯಂತ್ರ ಮತ್ತು ಸಣ್ಣ ಪಂಪ್‌ಸೆಟ್‌ಗಳು ಬಳಕೆಯಲ್ಲಿವೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಬೆಳಗಿನ ಉಷ್ಣಾಂಶವು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ ಈ ಎಂಜಿನ್‌ಗಳು ಸುಲಭವಾಗಿ ಚಾಲೂ ಆಗುವುದಿಲ್ಲ. ಕಡಲೆಗೆ ಕಾಯಿಕೊರಕದ ಬಾಧೆ ಕಾಣಿಸಿಕೊಳ್ಳುವುದೂ ಇದೇ ಅವಧಿಯಲ್ಲಿ. ಸಕಾಲದಲ್ಲಿ ಸಿಂಪರಣೆ ಆಗದಿದ್ದಲ್ಲಿ ಬೆಳೆ ನಷ್ಟ ಸಂಭವಿಸುತ್ತದೆ. ಅವಸರದಲ್ಲಿ ಕಾರ್ಬೊರೇಟರ್‌ನ ಸ್ಕ್ರೂ ತಿರುಗಿಸಿದಲ್ಲಿ ಎಂಜಿನ್ನೇ ಕೆಡುವ ಸಾಧ್ಯತೆ ಇರುತ್ತದೆ.

ಕಾರಣ

ಕಾರ್ಬೊರೇಟರ್ ಪೆಟ್ರೋಲನ್ನು ಗಾಳಿಯೊಂದಿಗೆ ನಿಗದಿತ ಪ್ರಮಾಣದಲ್ಲಿ ಬೆರೆಸುತ್ತದೆ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಜೊತೆಗೆ 15 ಡಿಗ್ರಿಯ ಗಾಳಿಯು 30 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡಾ 5ರಷ್ಟು ಸಾಂದ್ರವಾಗಿರುವುದರಿಂದ ಮಿಶ್ರಣದಲ್ಲಿ ಇಂಧನದ ಪ್ರಮಾಣ ಸ್ವಲ್ಪ ಕಡಿಮೆಯಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಶೂನ್ಯಕ್ಕಿಂತ ಕೆಳಗಿನ ಉಷ್ಣಾಂಶದಲ್ಲಿ ಕೆಲಸ ಮಾಡುವ ಹಿಮ ತೆಗೆಯುವ ಯಂತ್ರಗಳಿಗೆ ತಯಾರಿಕೆಯ ಹಂತದಲ್ಲಿಯೇ ಹೆಚ್ಚು ಇಂಧನ ಹರಿಯುವಂತೆ ಕಾರ್ಬೊರೇಟರ್ ರೂಪಿಸಲಾಗುತ್ತದೆ. ಸದರಿ ತಾಲ್ಲೂಕುಗಳ ಚಳಿಗೆ ಅಂತಹ ಬದಲಾವಣೆಯ ಅವಶ್ಯಕತೆ ಇರುವುದಿಲ್ಲ. ಇಲ್ಲಿ ಚೋಕ್‌ನ ಸರಿಯಾದ ಬಳಕೆಯೇ ಸಾಮಾನ್ಯವಾಗಿ ಸಾಕಾಗುತ್ತದೆ.

ಚಾಲೂ ಮಾಡುವ ಕ್ರಮ

1. ಪೆಟ್ರೋಲ್ ನಲ್ಲಿಯನ್ನು ತೆರೆದು ಚೋಕ್ ಪೂರ್ಣ ಮುಚ್ಚಬೇಕು.
2. ಹಗ್ಗವನ್ನು ಎರಡರಿಂದ ನಾಲ್ಕು ಬಾರಿ ಎಳೆಯಬೇಕು. ಎಂಜಿನ್ ಒಮ್ಮೆ ಸಿಡಿದ ಕೂಡಲೇ ಚೋಕ್ ಅರ್ಧ ತೆರೆದು ಪುನಃ ಎಳೆಯಬೇಕು.
3. ಎಂಜಿನ್ ಬಿಸಿಯಾಗುತ್ತಿದ್ದಂತೆ ಚೋಕ್ ಪೂರ್ಣ ತೆರೆಯಬೇಕು.
4. ಚೋಕ್ ಮುಚ್ಚಿಟ್ಟು ಹಲವು ಬಾರಿ ಎಳೆದಲ್ಲಿ ಪ್ಲಗ್ ಪೆಟ್ರೋಲಿನಿಂದ ತೊಯ್ಯುತ್ತದೆ. ಆಗ ಸ್ವಿಚ್ ಬಂದ್ ಮಾಡಿ, ಪ್ಲಗ್ ತೆಗೆದು ಒರೆಸಿ, ಚೋಕ್ ತೆರೆದಿಟ್ಟು ಐದಾರು ಬಾರಿ ಹಗ್ಗ ಎಳೆದ ನಂತರ ಪ್ಲಗ್ ಜೋಡಿಸಬೇಕು. ಸಮೀಪದಲ್ಲಿ ಬೆಂಕಿ, ಬೀಡಿ ಇರತಕ್ಕದ್ದಲ್ಲ.

ಸ್ಕ್ರೂ ಮುಟ್ಟುವ ಮೊದಲು ಪರಿಶೀಲಿಸಬೇಕಾದ ಅಂಶಗಳು

• ಇಂಧನ: ಹಿಂದಿನ ಹಂಗಾಮಿನಿಂದ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿದ್ದು, ಎಥನಾಲ್ ತೇವವನ್ನು ಹೀರುವುದರಿಂದ ಪೆಟ್ರೋಲನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಬೇಗನೆ ಬಳಸುವುದು ಸೂಕ್ತ.
• ಎರಡು ಸ್ಟ್ರೋಕ್ ಎಂಜಿನ್: ಆಯಿಲ್ ಮಿಶ್ರಣದ ಪ್ರಮಾಣವು ಕೈಪಿಡಿಯಲ್ಲಿ ಸೂಚಿಸಿದಂತೆಯೇ ಇರಬೇಕು.
• ಗಾಳಿ ಶೋಧಕ: ಧೂಳು ತುಂಬಿದ್ದಲ್ಲಿ ಸ್ವಚ್ಛಗೊಳಿಸಬೇಕು.
• ಪ್ಲಗ್: ತುದಿ ಕಂದು ಬಣ್ಣವಿದ್ದರೆ ಮಿಶ್ರಣ ಸರಿಯಿದೆ. ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚು. ಬಿಳುಪಾಗಿದ್ದರೆ ಇಂಧನ ಕಡಿಮೆ ಎಂದು ತಿಳಿಯಬಹುದು.
• ಪೆಟ್ರೋಲಿನಿಂದ ಚಾಲೂ ಆಗಿ ಸೀಮೆಎಣ್ಣೆಯಿಂದ ನಡೆಯುವ ಪಂಪ್‌ಸೆಟ್: ಬಂದ್ ಮಾಡುವ ಮುನ್ನ ಕೆಲಕಾಲ ಪೆಟ್ರೋಲಿನಲ್ಲಿ ನಡೆಸಬೇಕು. ಇಲ್ಲವಾದಲ್ಲಿ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಆಗುವುದಿಲ್ಲ.

ಹೊಂದಾಣಿಕೆಯ ವಿಧಾನ

ಮೇಲಿನ ಎಲ್ಲವೂ ಸರಿಯಿದ್ದು, ಬಿಸಿಯಾದ ನಂತರವೂ ಎಂಜಿನ್ ನಿಧಾನಗತಿಯಲ್ಲಿ ನಿಂತುಹೋಗುತ್ತಿದ್ದಲ್ಲಿ ಮಾತ್ರ ಈ ಕ್ರಮ ಅನುಸರಿಸಬೇಕು.

1. ಎಂಜಿನ್ ಬಂದ್ ಇರುವಾಗ ಮಿಶ್ರಣದ ಸ್ಕ್ರೂ ಹಗುರವಾಗಿ ಒಳಗೆ ತಾಗುವವರೆಗೆ ತಿರುಗಿಸಿ, ಎಷ್ಟು ಸುತ್ತು ಆಯಿತೆಂದು ಬರೆದಿಟ್ಟುಕೊಳ್ಳಬೇಕು. ಬಿಗಿದಲ್ಲಿ ಸೂಜಿಯ ತುದಿ ಹಾಳಾಗುತ್ತದೆ.
2. ನಂತರ ಕೈಪಿಡಿಯಲ್ಲಿ ತಿಳಿಸಿದಷ್ಟು ಸುತ್ತು ಹೊರಕ್ಕೆ ತಿರುಗಿಸಬೇಕು.
3. ಗಾಳಿ ಶೋಧಕ ಜೋಡಿಸಿ, ಚೋಕ್ ಪೂರ್ಣ ತೆರೆದು, ಐದು ನಿಮಿಷ ಎಂಜಿನ್ ನಡೆಸಬೇಕು. ಸ್ಪ್ರೇಯರ್ ಟ್ಯಾಂಕಿನಲ್ಲಿ ಶುದ್ಧ ನೀರು ಇರಬೇಕು.
4. ಸ್ಕ್ರೂವನ್ನು ಒಮ್ಮೆಗೆ ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ, ಎಂಜಿನ್ ಅತಿ ಸರಾಗವಾಗಿ ನಡೆಯುವ ಸ್ಥಾನದಲ್ಲಿ ನಿಲ್ಲಿಸಬೇಕು. ಸ್ಕ್ರೂ ಕೆಲವು ಕಾರ್ಬೊರೇಟರುಗಳಲ್ಲಿ ಇಂಧನವನ್ನೂ, ಕೆಲವುಗಳಲ್ಲಿ ಗಾಳಿಯನ್ನೂ ನಿಯಂತ್ರಿಸುವುದರಿಂದ ಯಾವ ದಿಕ್ಕಿಗೆ ತಿರುಗಿಸಿದರೆ ಇಂಧನ ಹೆಚ್ಚುವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.
5. ಕೊನೆಯಲ್ಲಿ ನಿಧಾನಗತಿಯ ಸ್ಕ್ರೂವಿನಿಂದ ವೇಗ ಸರಿಪಡಿಸಬೇಕು.

ಎಚ್ಚರಿಕೆ

ಎರಡು ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಯಲ್ಲಿಯೇ ಆಯಿಲ್ ದೊರೆಯುತ್ತದೆ. ಪೆಟ್ರೋಲ್ ಉಳಿಸುವ ಉದ್ದೇಶದಿಂದ ಇಂಧನ ಕಡಿಮೆ ಮಾಡಿದಲ್ಲಿ ಆಯಿಲ್ ಸಹ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ; ಅದರ ದುರಸ್ತಿಯ ವೆಚ್ಚವು ಉಳಿಸಿದ ಪೆಟ್ರೋಲಿನ ಬೆಲೆಗಿಂತ ಬಹುಪಾಲು ಹೆಚ್ಚು. ಜೆಟ್ ರಂಧ್ರಕ್ಕೆ ತಂತಿ ಚುಚ್ಚಬಾರದು. ಚಳಿಗಾಲದಲ್ಲಿ ಇಂಧನ ಹೆಚ್ಚಿಸಿದ್ದಲ್ಲಿ, ಮಾರ್ಚ್‌ನಲ್ಲಿ ಬಿಸಿಲು ಏರಿದಾಗ ಸ್ಕ್ರೂವನ್ನು ಬರೆದಿಟ್ಟುಕೊಂಡ ಮೂಲ ಸ್ಥಾನಕ್ಕೆ ತರಬೇಕು. ಹಂಗಾಮು ಮುಗಿದ ನಂತರ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ ಒಣಸ್ಥಳದಲ್ಲಿ ಇಡಬೇಕು.

ಸಹಾಯಧನದಡಿ ಯಂತ್ರ ಪಡೆಯುವವರ ಗಮನಕ್ಕೆ

ಸಹಾಯಧನದಡಿ ಯಂತ್ರ ಪಡೆಯುವ ರೈತರು ವಿತರಣೆಯ ಸಮಯದಲ್ಲಿ ಕೈಪಿಡಿ, ಬಿಲ್ಲು ಹಾಗೂ ವಾರಂಟಿ ಕಾರ್ಡನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು ಮತ್ತು ಯಂತ್ರವನ್ನು ಎದುರಿನಲ್ಲಿಯೇ ಚಾಲೂ ಮಾಡಿಸಿ ನೋಡತಕ್ಕದ್ದು. ವಾರಂಟಿ ಅವಧಿಯಲ್ಲಿ ಕಾರ್ಬೊರೇಟರನ್ನು ಸ್ವತಃ ಬಿಚ್ಚದೆ ಸರಬರಾಜುದಾರರ ಸೇವಾ ಕೇಂದ್ರಕ್ಕೆ ಒಯ್ಯುವುದು ಸೂಕ್ತ. ಅರ್ಜಿ, ಅಗತ್ಯ ದಾಖಲಾತಿ ಮತ್ತು ಆಯಾ ವರ್ಷದ ಸಹಾಯಧನದ ವಿವರಗಳಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.