ಮನೆ ತುಂಬ ನಾಯಿ, ಬೆಕ್ಕು: ಕಾನೂನಿನಲ್ಲಿ ದಾರಿ ಏನೈತಿ?

2025ರ ಫೆಬ್ರವರಿಯಲ್ಲಿ ಪುಣೆಯ ಹಡಪ್ಸರದ ಒಂದೇ ಫ್ಲ್ಯಾಟಿನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳಿವೆ ಅನ್ನೋದು ಸುದ್ದಿಯಾಯಿತು. ನೆರೆಯವರು ದೂರಿದರು, ಪಾಲಿಕೆ ನೋಟಿಸ್ ಕೊಟ್ಟಿತು. ನಾಳೆ ಇಳಕಲ್ಲಿನ ಒಂದು ಓಣಿಯಲ್ಲೋ ಬಾಗಲಕೋಟೆಯ ನವನಗರದಲ್ಲೋ ಹೀಗಾದರೆ ಯಾರ ಬಾಗಿಲು ಬಡಿಯಬೇಕು?

ಮೊದಲೇ ಒಂದು ಮಾತು. ಬಾದಾಮಿ, ಹುನಗುಂದದ ಕಡೆ ದನ, ಆಡು, ಕೋಳಿ ಮನೆಮಂದಿಯ ಜೊತೆಗೇ ಇರ್ತಾವೆ. ಅದು ದುಡಿಮೆ, ಬದುಕು. ನಾನಿಲ್ಲಿ ಹೇಳ್ತಿರೋದು ನೋಡಿಕೊಳ್ಳುವ ಶಕ್ತಿ ಮೀರಿ ಪ್ರಾಣಿ ಕೂಡಿಹಾಕಿ, ಅವು ಹಸಿವು, ಹೊಲಸು, ರೋಗದಲ್ಲಿ ನರಳೋದರ ಬಗ್ಗೆ.

ಎಷ್ಟು ಸಾಕಬಹುದು?

ಮನೆಗೆ ಇಷ್ಟೇ ಪ್ರಾಣಿ ಅಂತ ಕೇಂದ್ರದ ಕಾನೂನು ಎಲ್ಲೂ ಹೇಳಿಲ್ಲ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಅಂತ ಬೈಲಾ ತಂದಿತ್ತು. ವಿರೋಧ ಎದ್ದು ಅದು ನಿಂತುಹೋಯಿತು. ಮಾರಾಟಕ್ಕೆ ನಾಯಿ ತಳಿ ಬೆಳೆಸುವವರಿಗೆ ಮಾತ್ರ 2017ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಮುಧೋಳ ನಾಯಿಯ ಜಿಲ್ಲೆಯವರಾದ ನಾವು ಇದನ್ನ ನೆನಪಿಡಬೇಕು.

ಯಾವ ಕಾನೂನು ಅನ್ವಯ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ಅಲುಗಾಡಲು ಜಾಗವಿಲ್ಲದ ಗೂಡಿನಲ್ಲಿ ಕೂಡಿಹಾಕೋದು, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರೋದು ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು? 10ರಿಂದ 50 ರೂಪಾಯಿ! ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಈ ಅಪರಾಧಗಳು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ. ಗಿಳಿ, ನಕ್ಷತ್ರ ಆಮೆ ಸಾಕಿದ್ದರೆ ಕಥೆ ಬೇರೆ: 1972ರ ವನ್ಯಜೀವಿ ಕಾಯ್ದೆಯಡಿ ಅರಣ್ಯ ಇಲಾಖೆಗೆ ಹೇಳಬೇಕು.

ವಾಸನೆ, ಹೊಲಸಿನ ದೂರು ಸ್ಥಳೀಯ ಸಂಸ್ಥೆಗೆ ಹೋಗಬೇಕು: ಬಾಗಲಕೋಟೆ, ಇಳಕಲ್ಲಿನಲ್ಲಿ ನಗರಸಭೆ, ಬಾದಾಮಿ, ಹುನಗುಂದದಲ್ಲಿ ಪುರಸಭೆ. ಇವು ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಸೆಕ್ಷನ್ ಪ್ರಕಾರ 1,000 ರೂಪಾಯಿವರೆಗೆ ದಂಡವಿದೆ.

ಲೆಕ್ಕ ನೋಡಿ. ಪ್ರಾಣಿ ನರಳಿದರೆ 50, ನೆರೆಯವರ ಮೂಗಿಗೆ ತ್ರಾಸಾದರೆ 1,000.

ಬಿಡಿಸಿದ ಪ್ರಾಣಿ ಎಲ್ಲಿಗೆ?

ಅಪರಾಧ ಸಾಬೀತಾದರೆ, ಮತ್ತೆ ಹಿಂಸೆ ಆಗಬಹುದು ಅನ್ನಿಸಿದಾಗ ಕೋರ್ಟು 29ನೇ ಸೆಕ್ಷನ್ ಬಳಸಿ ಪ್ರಾಣಿಗಳ ಒಡೆತನ ಕಿತ್ತುಕೊಳ್ಳಬಹುದು. ಆಮೇಲೆ? ಪ್ರತಿ ಜಿಲ್ಲೆಗೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು ಅಂತ 2001ರ ನಿಯಮ ಹೇಳುತ್ತದೆ. ಆಶ್ರಯ, ಚಿಕಿತ್ಸೆಯ ಹೊಣೆ ಅದರದ್ದು. ಜಾಗ, ದುಡ್ಡು, ಪಶುವೈದ್ಯರಿಲ್ಲದಿದ್ದರೆ ಸಂಘ ಬರೀ ಕಾಗದದ ಮೇಲೆ ಉಳೀತದೆ, ನಾಯಿಗಳು ಬೀದಿಗೆ ಬೀಳ್ತಾವೆ.

ಇನ್ನೊಂದು ಮಗ್ಗುಲೂ ಐತಿ. ಹೀಗೆ ಕೂಡಿಹಾಕುವವರೆಲ್ಲ ಕಟುಕರಲ್ಲ. ವಸ್ತು ಕೂಡಿಡುವ ಗೀಳನ್ನ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರತ್ಯೇಕ ಕಾಯಿಲೆ ಅಂತ ಪಟ್ಟಿ ಮಾಡಿತು. ಪ್ರಾಣಿ ಕೂಡಿಹಾಕೋದನ್ನೂ ಅಲ್ಲಿ ಹೆಸರಿಸಿದೆ. ಆರೈಕೆ ಇಲ್ಲದೆ ಪ್ರಾಣಿಗಳನ್ನಷ್ಟೇ ಒಯ್ದರೆ ಆ ಮನೆ ಮತ್ತೆ ತುಂಬುತ್ತದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಉಚಿತ.

ಏನು ಕೇಳಬೇಕು?

ತಲೆ ಎಣಿಸುವ ಬೈಲಾ ಬೇಡ ಅನ್ನೋದು ನನ್ನ ನಿಲುವು. ಅದು ಎರಡು ಬೀದಿನಾಯಿಗೆ ಅನ್ನ ಹಾಕುವ ಅಜ್ಜಿಯ ಮೇಲೆ ಮೊದಲು ಬೀಳುತ್ತದೆ. ಪ್ರಾಣಿಯ ಪಾಡು ನೋಡುವ ಬೈಲಾ ಬೇಕು: ಜಾಗ, ನೀರು, ಲಸಿಕೆ, ಸಂತಾನಹರಣ. ದೂರು ಬಂದಾಗ ಪಶುವೈದ್ಯರು, ಆರೋಗ್ಯ ನಿರೀಕ್ಷಕರು, ಪೊಲೀಸರು ಒಟ್ಟಿಗೆ ಹೋಗಬೇಕು. ಜಿಲ್ಲಾ ಸಂಘಕ್ಕೆ ಈ ವರ್ಷ ಎಷ್ಟು ದುಡ್ಡು ಬಂತು, ಎಷ್ಟು ಸಭೆ ನಡೆದವು? ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ.