ನೀರಿನ ಹಳೆಯ ಹಾದಿ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ದಿನವೂ ಇಳಿಯುವ ಸಾವಿರಾರು ಜನರಲ್ಲಿ, ತಾವು ಕಾಲಿಟ್ಟಿರುವುದು ಕೆರೆಯ ಅಂಗಳದಲ್ಲಿ ಎಂದು ಬಲ್ಲವರು ಕಡಿಮೆ. ಅದು ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆಯಿದ್ದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕೆರೆಗಳು ಹೋದವು, ಅವುಗಳಿಗೆ ನೀರು ತರುತ್ತಿದ್ದ ಇಳಿಜಾರು ಮಾತ್ರ ಹಾಗೆಯೇ ಉಳಿದಿದೆ. ಜೋರು ಮಳೆಗೆ ಕೆಲವು ರಸ್ತೆಗಳು ಹೊಳೆಯಾಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದುದು ಈ ಇಳಿಜಾರಿನಲ್ಲಿ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ ಬೆಂಗಳೂರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿ, ಕಾವೇರಿಯತ್ತ ಸಾಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹಿಂದಿನವರು ಈ ಕಣಿವೆಗಳ ಉದ್ದಕ್ಕೂ ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಮಾಡಿದ್ದರು. ಆ ಹಾದಿಯೇ ರಾಜಕಾಲುವೆ.

ಹರಿಯುವ ಮಳೆನೀರಿನ ಲೆಕ್ಕಾಚಾರವೂ ಹಳೆಯದೇ. ಜಲಾನಯನದ ತುತ್ತತುದಿಯ ನೀರು ಬಂದು ಸೇರಲು ಹಿಡಿಯುವ ಸಮಯಕ್ಕೂ ಪ್ರವಾಹದ ಗರಿಷ್ಠ ಮಟ್ಟಕ್ಕೂ ಸಂಬಂಧವಿದೆಯೆಂದು ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮುಲ್ವನಿ 1851ರಲ್ಲಿ ತೋರಿಸಿಕೊಟ್ಟರು. ಒಂದು ಹೆಕ್ಟೇರ್ ನೆಲದ ಮೇಲೆ 50 ಮಿ.ಮೀ. ಮಳೆಯೆಂದರೆ ಐದು ಲಕ್ಷ ಲೀಟರ್ ನೀರು. ತೋಟದ ಮಣ್ಣಾದರೆ ಅದರಲ್ಲಿ ಬಹುಪಾಲು ಇಂಗೀತು. ಡಾಂಬರು, ಕಾಂಕ್ರೀಟಾದರೆ ಹೆಚ್ಚುಕಡಿಮೆ ಅಷ್ಟೂ ಮೋರಿಗೆ ನುಗ್ಗುತ್ತದೆ, ಅದೂ ಒಮ್ಮೆಲೇ.

ಈ ಲೆಕ್ಕವನ್ನು ಇಡೀ ನಗರಕ್ಕೆ ಹಾಕಲು ಗಣಕಯಂತ್ರ ಬೇಕಾಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗಾಗಿ 1971ರಲ್ಲಿ ಸಿದ್ಧವಾದ ಮಳೆನೀರು ನಿರ್ವಹಣಾ ಮಾದರಿ ಇಂದಿಗೂ ಬಳಕೆಯಲ್ಲಿದೆ. ನೆಲದ ಏರುತಗ್ಗು, ಕಟ್ಟಡಗಳ ಹರವು, ಮೋರಿಗಳ ಅಗಲ-ಆಳ ಇವುಗಳನ್ನು ಒದಗಿಸಿದರೆ, ಎಷ್ಟು ಮಳೆಗೆ ಯಾವ ಮೋರಿ ಉಕ್ಕೀತು ಎಂಬುದನ್ನು ಅದು ಮೊದಲೇ ಅಂದಾಜಿಸುತ್ತದೆ. ಆದರೆ ಕಾಗದದಲ್ಲಿ ಆರು ಮೀಟರ್ ಅಗಲವಿರುವ ಕಾಲುವೆ ಒತ್ತುವರಿಯಿಂದ ಮೂರು ಮೀಟರಿಗೆ ಇಳಿದಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದಲೇ ಹಳೆಯ ಗ್ರಾಮನಕ್ಷೆಯನ್ನೂ ಉಪಗ್ರಹ ಚಿತ್ರವನ್ನೂ ಒಂದರ ಮೇಲೊಂದಿಟ್ಟು ನೋಡಬೇಕು. ಮೋರಿಯ ಬಳಿಗೇ ಹೋಗಿ ಅಳೆಯಬೇಕು.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಹೊರವರ್ತುಲ ರಸ್ತೆ ಮುಳುಗಿದಾಗ ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ನೋಡಿದವರು ನಕ್ಕಿರಬಹುದು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ನೀರಿಗೆ ಕಾರು ಸಿಲುಕಿ ಯುವತಿಯೊಬ್ಬಳು ಪ್ರಾಣ ಬಿಟ್ಟಾಗ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ನೀರು ಎಲ್ಲಿ ನಿಲ್ಲುವುದೆಂದು ಗಣಕಯಂತ್ರ ಹೇಳಬಲ್ಲದು. ಅದಕ್ಕೆ ಹಾದಿ ಬಿಟ್ಟುಕೊಡಬೇಕಾದವರು ಊರಿನವರು.